ಗುಡ್ಡ ಕುಸಿದ ಊರಿನ ಮಕ್ಕಳಿಗೆ ಪ್ರಬಂಧ ಸ್ಪರ್ಧೆ

ಮೇಡಂ,

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಟೀಚರ್. ಹೋದ ಮಳೆಗಾಲದಲ್ಲಿ ನಮ್ಮೂರ ಮೇಲಿನ ಗುಡ್ಡ ಕುಸಿದು ನಮ್ಮ ಶಾಲೆಯ 14 ಮಕ್ಕಳ ಮನೆ ಹೋಯಿತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಕಾಳಜಿ ಕೇಂದ್ರ ಮುಚ್ಚಿದ ಮೇಲೆ ಕೆಲವರು ಬಾಡಿಗೆ ಮನೆ ಹಿಡಿದರು, ಕೆಲವರು ಇವತ್ತಿಗೂ ನೆಂಟರ ಮನೆಯಲ್ಲೇ ಇದ್ದಾರೆ.

ಈಗ ಹೊರಗಿನ ಸಂಸ್ಥೆಯೊಂದು ಮಳೆಹಾನಿಯಾದ ಊರುಗಳ ಮಕ್ಕಳಿಗೆಂದೇ ಪ್ರಬಂಧ ಸ್ಪರ್ಧೆ ಇಟ್ಟಿದೆ. ವಿಷಯ ‘ಆ ರಾತ್ರಿ ಮತ್ತು ನನ್ನ ಕನಸು’. ಗೆದ್ದ ಮೂವರಿಗೆ ಡಿಗ್ರಿ ಮುಗಿಯುವವರೆಗೂ ಓದಿನ ಪೂರ್ತಿ ಖರ್ಚು, ನಂತರದ 10 ಮಕ್ಕಳಿಗೆ ಟ್ಯಾಬ್, ಹೆಚ್ಚು ಮಕ್ಕಳು ಭಾಗವಹಿಸಿದ ಶಾಲೆಗೆ ಸ್ಮಾರ್ಟ್ ಕ್ಲಾಸ್. ಆಯ್ಕೆಯಾದ ಮಕ್ಕಳು ಪ್ರಬಂಧ ಓದುವುದನ್ನು ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಾರಂತೆ. ಕೊನೆಯ ಸುತ್ತಿನಲ್ಲಿ ಯಾರಿಗೆ ಹೆಚ್ಚು ಲೈಕ್ ಬೀಳುತ್ತದೋ ಅವರಿಗೆ ಬಹುಮಾನ.

ನಮ್ಮ ಹೆಡ್‌ಮಾಸ್ಟರ್ ಒಳ್ಳೆಯವರು. ‘ಕೊಡೋರು ಕೊಡ್ತಾರೆ, ನಾವ್ಯಾಕೆ ಅಡ್ಡಗಾಲು ಹಾಕೋದು’ ಅನ್ನುತ್ತಾರೆ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರಿಗೂ ಒಪ್ಪಿಗೆ ಇದೆ. ಮಕ್ಕಳಿಂದ ಬರೆಸಿ, ತಿದ್ದಿ, ಚೆನ್ನಾಗಿರುವುದನ್ನು ಆರಿಸಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಪ್ಪನನ್ನು ಕಳೆದುಕೊಂಡ ಹುಡುಗಿ ‘ನಾನು ಬರೆಯಲ್ಲ ಮಿಸ್’ ಎಂದು ಹೇಳಿ ಎದ್ದು ಹೋದಳು. ಮರುದಿನ ಅವಳ ಅಮ್ಮ ಬಂದು ‘ಹೆಂಗಾದ್ರೂ ಮಾಡಿ ಬರೆಸಿ ಮಿಸ್, ಗೆದ್ರೆ ಅವಳ ಓದಿನ ಚಿಂತೆ ತಪ್ಪುತ್ತೆ’ ಎಂದು ಕೈಮುಗಿದರು. ಕ್ಲಾಸಿನಲ್ಲಿ ಚೆನ್ನಾಗಿ ಬರೆಯುವವನು ಇನ್ನೊಬ್ಬ ಹುಡುಗ. ಅವನ ಮನೆಗೆ ಏನೂ ಆಗಿಲ್ಲ. ಅವನು ಕೇಳಿದ: ‘ಮಿಸ್, ನಮ್ಮನೇನೂ ಹೋಯ್ತು ಅಂತ ಬರೆದ್ರೆ ತಪ್ಪಾ?’ ನನಗೆ ಉತ್ತರ ಹೊಳೆಯಲಿಲ್ಲ.

ಕರಪತ್ರ ಮತ್ತು ಅರ್ಜಿ ನಮೂನೆ ಜೊತೆಗಿಟ್ಟಿದ್ದೇನೆ. ಹೆಸರು ಕಳಿಸಲು ಇನ್ನು ಎರಡು ವಾರ ಇದೆ. ಕಳಿಸಲೋ ಬೇಡವೋ? ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ.

— ಒಬ್ಬ ಶಿಕ್ಷಕಿ

ಪ್ರೀತಿಯ ಟೀಚರ್,

ಈ ರೂಪದಲ್ಲಿ ಹೆಸರು ಕಳಿಸಬೇಡಿ. ಎರಡು ವಾರ ಇದೆ ಎಂದಿದ್ದೀರಿ. ಅಷ್ಟರೊಳಗೆ ಆ ಸಂಸ್ಥೆಯವರ ಹತ್ತಿರ ಮಾತಾಡಿ ಈ ದುಡ್ಡು ಬೇರೆ ದಾರಿಯಲ್ಲಿ ಮಕ್ಕಳಿಗೆ ಸಿಗುವಂತೆ ಮಾಡಬಹುದೇ ಎಂದು ನೋಡೋಣ. ಅವರೇನೂ ಕೆಟ್ಟವರಾಗಿರಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ರಾಜ್ಯದ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಮಡಿಕೇರಿಗೆ ಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಇಲ್ಲಿಂದಲೂ ಜನ ಧಾವಿಸಿದರು. ನಮ್ಮವರಿಗೆ ಕೊಡುವ ಮನಸ್ಸು ಇದೆ. ಯಾರಿಗೆ ಕೊಡಬೇಕು ಎಂದು ನಿರ್ಧರಿಸುವ ರೀತಿಯಲ್ಲಿ ಎಡವುತ್ತೇವೆ.

ನೀವು ಕಳಿಸಿದ ಅರ್ಜಿ ನಮೂನೆಯನ್ನು ನಾನು ಮತ್ತೆ ಮತ್ತೆ ಓದಿದೆ. ಮೊದಲ ಕಾಲಮ್ಮುಗಳಲ್ಲಿ ಮಗುವಿನ ಹೆಸರು, ತರಗತಿ, ಶಾಲೆ, ಪೋಷಕರ ಮೊಬೈಲ್ ನಂಬರ್. ಏಳನೆಯದರಲ್ಲಿ ‘ಕುಟುಂಬದಲ್ಲಿ ಮೃತಪಟ್ಟವರ ಹೆಸರು, ಮಗುವಿನೊಂದಿಗೆ ಸಂಬಂಧ’. ಅದರ ಕೆಳಗೆ ‘ಹಾನಿಗೊಳಗಾದ ಮನೆಯ ಮುಂದೆ ಮಗು ನಿಂತಿರುವ ಒಂದು ಫೋಟೊ ಅಂಟಿಸಿ’. ಹಿಂಬದಿಯಲ್ಲಿ ಅಂಕ ಕೊಡುವ ಕ್ರಮ ಇದೆ: ಭಾಷೆಗೆ 30, ಕನಸಿಗೆ 30, ‘ಭಾವನಾತ್ಮಕ ಪರಿಣಾಮ’ಕ್ಕೆ 40.

ಆ 40 ಅಂಕದ ಮೇಲೆ ಸ್ವಲ್ಪ ನಿಲ್ಲೋಣ. 13 ವರ್ಷದ ಮಗು ತನ್ನ ಅಪ್ಪ ಸತ್ತದ್ದನ್ನು ಎಷ್ಟು ಚೆನ್ನಾಗಿ ಅಳುವ ಹಾಗೆ ಬರೆದಿದೆ ಎಂದು ಯಾರೋ ಅಳೆಯುತ್ತಾರೆ. 40ಕ್ಕೆ 35 ಬಂದವಳ ಸಂಕಟ, 22 ಬಂದವನ ಸಂಕಟಕ್ಕಿಂತ ದೊಡ್ಡದು ಎಂದಾಗುತ್ತದೆ. ನಿಮ್ಮ ಶಾಲೆಯೊಂದರಲ್ಲೇ ಮನೆ ಕಳೆದುಕೊಂಡವರು 14 ಮಂದಿ. ಇರುವುದು ಮೂರು ವಿದ್ಯಾರ್ಥಿವೇತನ, ಅದೂ ಎಲ್ಲ ಊರುಗಳಿಗೂ ಸೇರಿ. ನಿಮ್ಮ ಮಕ್ಕಳೇ ಮೂರನ್ನೂ ಗೆದ್ದರು ಎಂದಿಟ್ಟುಕೊಂಡರೂ ಉಳಿದ 11 ಮಕ್ಕಳಿಗೆ ಬರುವುದು ಹೆಚ್ಚೆಂದರೆ ಒಂದು ಟ್ಯಾಬ್, ಇಲ್ಲದಿದ್ದರೆ ಅಂಚೆಯಲ್ಲಿ ಭಾಗವಹಿಸಿದ್ದಕ್ಕೆ ಒಂದು ಸರ್ಟಿಫಿಕೇಟು. ನಿನ್ನ ಮನೆ ಹೋದದ್ದು ಸಾಕಾಗಲಿಲ್ಲ ಎಂದು ಆ ಕಾಗದ ಹೇಳುತ್ತದೆ. ಊಟದ ಪಂಕ್ತಿಯಲ್ಲಿ ಚೆನ್ನಾಗಿ ಹಾಡಿದವರ ಎಲೆಗೆ ಮಾತ್ರ ಅನ್ನ ಬಡಿಸುವುದನ್ನು ನಮ್ಮ ಯಾವ ಊರಿನವರೂ ಒಪ್ಪುವುದಿಲ್ಲ; ಇಲ್ಲಿ ನಡೆಯುತ್ತಿರುವುದು ಅದೇ.

ಸ್ಪರ್ಧೆ ಎಂದರೇನೇ ತಪ್ಪು ಎಂದು ನಾನು ಹೇಳುವುದಿಲ್ಲ. ಪ್ರತಿಭಾ ಕಾರಂಜಿಗೆ ನೀವೇ ಎಷ್ಟೋ ಮಕ್ಕಳನ್ನು ತಯಾರು ಮಾಡಿ ಕಳಿಸಿರುತ್ತೀರಿ. ಅಲ್ಲಿ ಭಾಷಣ, ಪ್ರಬಂಧ, ಹಾಡು ಎಲ್ಲದಕ್ಕೂ ಅಂಕ ಇದೆ, ಸೋಲು ಗೆಲುವು ಇದೆ. ಸೋತ ಮಗು ಅತ್ತು, ಮರುದಿನ ಮರೆತು, ಮುಂದಿನ ವರ್ಷ ಮತ್ತೆ ಹೆಸರು ಕೊಡುತ್ತದೆ. ಆ ಮಗುವಿನ ಓದಾಗಲಿ, ತಲೆಯ ಮೇಲಿನ ಸೂರಾಗಲಿ ಆ ಸ್ಪರ್ಧೆಯ ಮೇಲೆ ನಿಂತಿರುವುದಿಲ್ಲ. ಇಂಥ ಪ್ರಸಂಗಗಳಲ್ಲಿ ನಾನು ಬಳಸುವ ಅಳತೆಗೋಲು ಇದೊಂದೇ: ಸೋತ ಮಗು ತನಗೆ ನಿಜಕ್ಕೂ ಬೇಕಾದದ್ದನ್ನು ಕಳೆದುಕೊಳ್ಳುತ್ತದೆಯೇ? ಕಳೆದುಕೊಳ್ಳುತ್ತದೆ ಎಂದಾದರೆ ಅದನ್ನು ಸ್ಪರ್ಧೆಯ ಬಹುಮಾನ ಮಾಡಬಾರದು. ಕಳೆದುಕೊಳ್ಳುವುದಿಲ್ಲ ಎಂದಾದರೆ ಧಾರಾಳವಾಗಿ ಆಡಲಿ, ಗೆಲ್ಲಲಿ, ಸೋಲಲಿ.

ಸಂಕಟವನ್ನು ಅಳೆದು ದುಡ್ಡು ಹಂಚಲು ಹೊರಟ ಒಂದು ಪ್ರಸಂಗ ಇತಿಹಾಸದಲ್ಲಿದೆ. ನಿಮ್ಮ ಊರಿನ ಹಾಗೆಯೇ ಗುಡ್ಡ ಕುಸಿದ ಊರು ಅದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಅಬರ್‌ಫ್ಯಾನ್ ಎಂಬ ಗಣಿ ಕಾರ್ಮಿಕರ ಹಳ್ಳಿ. ಹಳ್ಳಿಯ ಮೇಲ್ಭಾಗದಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ವರ್ಷಗಟ್ಟಲೆ ಸುರಿದು ಗುಡ್ಡಗಳೇ ಎದ್ದಿದ್ದವು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಒಂಬತ್ತೂ ಕಾಲರ ಹೊತ್ತಿಗೆ, ಮಕ್ಕಳು ಆಗಷ್ಟೇ ಕ್ಲಾಸಿಗೆ ಬಂದು ಕೂತಿದ್ದಾಗ, ನೀರು ಕುಡಿದು ಸಡಿಲವಾಗಿದ್ದ ಅದರಲ್ಲೊಂದು ಗುಡ್ಡ ಜಾರಿ ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆ ಬಂತು. 144 ಮಂದಿ ಸತ್ತರು. ಅವರಲ್ಲಿ 116 ಮಕ್ಕಳು.

ಲೋಕವೆಲ್ಲ ಮರುಗಿತು. ಪರಿಹಾರ ನಿಧಿಗೆ ಸುಮಾರು 17.5 ಲಕ್ಷ ಪೌಂಡ್ ಬಂದು ಸೇರಿತು, ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಅದನ್ನು ಹಂಚುವ ಪ್ರಶ್ನೆ ಬಂದಾಗ ದತ್ತಿ ಸಂಸ್ಥೆಗಳ ಮೇಲುಸ್ತುವಾರಿ ನೋಡುವ ಅಲ್ಲಿನ ಸರ್ಕಾರಿ ಆಯೋಗ ಒಂದು ಸೂಚನೆ ಕೊಟ್ಟಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೆ ದುಡ್ಡು ಕೊಡುವ ಮುಂಚೆ, ಅವರು ಆ ಮಗುವಿಗೆ ನಿಜಕ್ಕೂ ಹತ್ತಿರವಾಗಿದ್ದರೇ, ಮಾನಸಿಕವಾಗಿ ನೋಯುತ್ತಿರುವ ಸಾಧ್ಯತೆ ಇದೆಯೇ ಎಂದು ಪ್ರತಿಯೊಂದು ಮನೆಯದನ್ನೂ ಪರಿಶೀಲಿಸಬೇಕು ಎನ್ನುವ ಅರ್ಥದ ಸೂಚನೆ ಅದು. ನಿಧಿಯ ಆಡಳಿತದವರು ಅದಕ್ಕೆ ಮಣಿಯಲಿಲ್ಲ. ಮಗು ಕಳೆದುಕೊಂಡ ಮನೆಗಳಿಗೆ ತಲಾ 5,000 ಪೌಂಡ್ ಕೊಟ್ಟರು, ಯಾರ ಪ್ರೀತಿ ಹೆಚ್ಚು, ಯಾರದು ಕಡಿಮೆ ಎಂದು ಕೇಳಲಿಲ್ಲ. ಅರ್ಧ ಶತಮಾನದ ಮೇಲೂ ಆ ಸೂಚನೆಯನ್ನು ನೆನೆದು ಜನ ತಲೆತಗ್ಗಿಸುತ್ತಾರೆ. ಈಗ ನಿಮ್ಮ ಅರ್ಜಿಯ ಏಳನೇ ಕಾಲಮ್ಮನ್ನು, 40 ಅಂಕವನ್ನು ನೋಡಿ. ಆಯೋಗ ತಂದೆತಾಯಿಯರಿಂದ ಕೇಳಲು ಹೊರಟಿದ್ದನ್ನು ಇವರು ಮಕ್ಕಳಿಂದ ಕೇಳುತ್ತಿದ್ದಾರೆ.

ಅಬರ್‌ಫ್ಯಾನ್‌ನ ಶಾಲೆಯಲ್ಲಿ ಬದುಕುಳಿದ ಮಕ್ಕಳಲ್ಲಿ 41 ಮಂದಿಯನ್ನು 33 ವರ್ಷಗಳ ನಂತರ ಮನೋವೈದ್ಯರು ಮಾತಾಡಿಸಿದರು. ಅವರಲ್ಲಿ 19 ಮಂದಿ ಒಂದಲ್ಲ ಒಂದು ಕಾಲದಲ್ಲಿ ಆಘಾತದ ನಂತರದ ಮಾನಸಿಕ ಕಾಯಿಲೆ ಅನುಭವಿಸಿದ್ದರು; 12 ಮಂದಿಗೆ ಅದು ಆಗಲೂ ಬಿಟ್ಟಿರಲಿಲ್ಲ. ಮಕ್ಕಳು ಬೇಗ ಮರೆತುಬಿಡುತ್ತಾರೆ ಎನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ನಿಮ್ಮಲ್ಲಿ ಗುಡ್ಡ ಕುಸಿದು ಇನ್ನೂ ಎರಡನೇ ಮಳೆಗಾಲ ಮುಗಿದಿಲ್ಲ. ಮಧ್ಯಾಹ್ನ ಶೀಟಿನ ಮೇಲೆ ಮಳೆ ಜೋರಾದಾಗ ನಿಮ್ಮ ಕ್ಲಾಸಿನಲ್ಲಿ ಯಾರು ಮಾತು ನಿಲ್ಲಿಸುತ್ತಾರೆ, ಯಾರು ಕಿಟಕಿಯ ಕಡೆ ನೋಡುತ್ತಾರೆ, ಯಾರು ಸುಮ್ಮಸುಮ್ಮನೆ ಬ್ಯಾಗು ತುಂಬಿಟ್ಟುಕೊಳ್ಳುತ್ತಾರೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಂಥ ಮಗುವಿಗೆ ‘ಆ ರಾತ್ರಿ’ಯನ್ನು ಇಷ್ಟು ತಾರೀಕಿನೊಳಗೆ, ಇಷ್ಟು ಪುಟದಲ್ಲಿ ಬರೆ ಎನ್ನುವುದು ಗಾಯ ಕೆದಕಿದಂತೆ. ವಿಪತ್ತಿಗೆ ಸಿಕ್ಕಿದವರಿಗೆ ಕೊಡಬೇಕಾದ ಮಾನಸಿಕ ಪ್ರಥಮ ಚಿಕಿತ್ಸೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿತು. ನಡೆದದ್ದನ್ನು ಹೇಳು ಎಂದು ಯಾರನ್ನೂ ಒತ್ತಾಯಿಸಬಾರದು ಎನ್ನುವುದು ಅದರ ಮುಖ್ಯ ಪಾಠಗಳಲ್ಲೊಂದು. ಹೇಳಬೇಕೆನಿಸಿದಾಗ, ಹೇಳಬೇಕೆನಿಸಿದವರ ಮುಂದೆ, ಹೇಳಬೇಕೆನಿಸಿದಷ್ಟು ಹೇಳಲಿ, ಕೇಳುವವರು ಪಕ್ಕದಲ್ಲಿರಲಿ. ನಮ್ಮ ನಿಮ್ಹಾನ್ಸ್‌ನವರು 1984ರ ಭೋಪಾಲ್ ಅನಿಲ ದುರಂತದಿಂದ ಹಿಡಿದು 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿವರೆಗೆ ನೊಂದವರ ಜೊತೆ ಕೆಲಸ ಮಾಡಿದ್ದಾರೆ. ಮಕ್ಕಳೊಂದಿಗಿನ ಇಂಥ ಕೆಲಸದಲ್ಲಿ ಚಿತ್ರ, ಕತೆ, ಆಟ, ಮಣ್ಣಿನಲ್ಲಿ ಗೊಂಬೆ ಮಾಡುವುದು ಎಲ್ಲ ಬರುತ್ತವೆ. ಅಲ್ಲಿ ತೀರ್ಪುಗಾರರು ಇರುವುದಿಲ್ಲ, ನಿನ್ನ ಚಿತ್ರ ಎರಡನೇ ಸ್ಥಾನ ಎಂದು ಯಾರೂ ಹೇಳುವುದಿಲ್ಲ.

ಬಹುಮಾನದ ಆಸೆ ತೋರಿಸಿದರೆ ಬರೆಯುವ, ಬಿಡಿಸುವ ಸಂತೋಷವೂ ಕುಂದುತ್ತದೆ. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದದ್ದು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸಿದರೆ ಪ್ರಶಸ್ತಿ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದಿನ ದಿನಗಳಲ್ಲಿ ಆ ಪೆನ್ನುಗಳ ಹತ್ತಿರ ಕಳೆದ ಹೊತ್ತು, ಹೇಳಿಸಿಕೊಳ್ಳದವರು ಕಳೆದದ್ದರ ಅರ್ಧದಷ್ಟು. ನೊಂದ ಮಗುವಿಗೆ ಬರವಣಿಗೆ ಒಂದು ಆಸರೆಯಾಗಬಹುದು. ಆ ಆಸರೆಯನ್ನು ಬಹುಮಾನದ ಆಸೆಯಿಂದ ಹಾಳುಮಾಡಬೇಡಿ.

ಇನ್ನು ವಿಡಿಯೊ. ಇದು ಕಾನೂನಿನ ಮಾತು, ಹೆಡ್‌ಮಾಸ್ಟರಿಗೂ ಎಸ್‌ಡಿಎಂಸಿಗೂ ಇದನ್ನು ನೀವು ಹೇಳಬಹುದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಕೃತಿ ವಿಕೋಪಕ್ಕೆ ಸಿಕ್ಕಿದ, ಅದರಿಂದ ಬಾಧಿತವಾದ ಮಗು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ’ ಸಾಲಿಗೆ ಬರುತ್ತದೆ. ವಿಚಾರಣೆ, ತನಿಖೆ ಅಥವಾ ನ್ಯಾಯಾಲಯದ ಪ್ರಕ್ರಿಯೆಯ ವರದಿಗಳಲ್ಲಿ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ದೃಶ್ಯ ಮಾಧ್ಯಮದಲ್ಲಾಗಲಿ ಪ್ರಕಟಿಸುವುದನ್ನು ಅದರ 74ನೇ ಸೆಕ್ಷನ್ ತಡೆಯುತ್ತದೆ. ಮುರಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸ್ಪರ್ಧೆಯ ವಿಡಿಯೊ ಅಂಥ ವರದಿಯಲ್ಲದಿದ್ದರೂ ಗುರುತು ಕಾಪಾಡುವ ಅದೇ ಎಚ್ಚರ ಇಲ್ಲೂ ಬೇಕು. ಸಂಸ್ಥೆಯವರಿಗೆ ಇದು ಗೊತ್ತಿಲ್ಲದಿರಬಹುದು, ಗೊತ್ತು ಮಾಡಿಸಿ. ಕಾನೂನಿನ ಮಾತು ಬಿಟ್ಟು ನೋಡಿದರೂ, ಇಂಟರ್‌ನೆಟ್ಟಿಗೆ ಹೋದ ವಿಡಿಯೊ ಮರಳಿ ಬರುವುದಿಲ್ಲ. ಇವತ್ತು 13 ವರ್ಷದವಳು ನಾಳೆ ಕಾಲೇಜು ಸೇರುತ್ತಾಳೆ, ಕೆಲಸಕ್ಕೆ ಅರ್ಜಿ ಹಾಕುತ್ತಾಳೆ, ಮದುವೆಯಾಗುತ್ತಾಳೆ. ಅಷ್ಟೂ ಕಾಲ ಅವಳು ಅಪ್ಪನಿಗಾಗಿ ಬಿಕ್ಕಿದ ಎರಡು ನಿಮಿಷ ಗುರುತಿಲ್ಲದವರ ಫೋನಿನಲ್ಲಿ ಓಡಾಡುತ್ತಿರುತ್ತದೆ. ಲೈಕಿನ ಲೆಕ್ಕವಂತೂ ಇನ್ನೂ ಅನ್ಯಾಯದ್ದು. ದೊಡ್ಡ ಬಳಗವಿದ್ದು ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವ ಮನೆಯ ಮಗುವಿಗೆ ಅದು ಬೀಳುತ್ತದೆ. ಲೈನ್‌ಮನೆಯಲ್ಲಿ ಬೆಳೆದ, ಟವರ್ ಸಿಗದ ಹಾಡಿಯ ಮಗುವಿಗೆ ಯಾರು ಹಾಕುತ್ತಾರೆ?

ಇದಕ್ಕೆ ಎದುರು ವಾದವೂ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಮುಖ ಕಾಣದೆ, ಕತೆ ಕೇಳದೆ ಜನ ಜೇಬಿಗೆ ಕೈಹಾಕುವುದು ಕಷ್ಟ. ಸಂಸ್ಥೆಯವರು ತಮಗೆ ಕೊಡುವವರಿಗೆ ಏನಾದರೂ ತೋರಿಸಬೇಕು. ನಿಜ, ಕತೆ ಬೇಕು. ಆದರೆ ಅದನ್ನು ದೊಡ್ಡವರು ಹೇಳಬಹುದಲ್ಲ? ನೀವು ಹೇಳಬಹುದು, ಪಂಚಾಯಿತಿಯವರು ಹೇಳಬಹುದು, ಆ ರಾತ್ರಿ ಟಾರ್ಚು ಹಿಡಿದು ಮಣ್ಣು ಬಗೆದ ಊರ ಗಂಡಸರು ಹೇಳಬಹುದು. ಎಷ್ಟು ಮನೆ ಹೋಯಿತು, ಎಷ್ಟು ಮಕ್ಕಳಿಗೆ ಪುಸ್ತಕ, ಬಸ್ ಪಾಸು, ಹಾಸ್ಟೆಲು ಬೇಕು ಎಂದು ಲೆಕ್ಕ ಸಮೇತ ಹೇಳಿದರೆ ಕರಗದ ಮನಸ್ಸು, ಮಗುವನ್ನು ಅಳಿಸಿದರೆ ಮಾತ್ರ ಕರಗುತ್ತದೆ ಎಂದಾದರೆ ಆ ಮನಸ್ಸಿಗಾಗಿ ನಾವು ಮಗುವನ್ನು ಬಲಿಕೊಡಬೇಕಾಗಿಲ್ಲ. ರೆಡ್‌ಕ್ರಾಸ್ ಚಳವಳಿ ಮತ್ತು ಇತರ ಪರಿಹಾರ ಸಂಸ್ಥೆಗಳು ಸೇರಿ 1994ರಲ್ಲಿ ತಮಗೆ ತಾವೇ ಹಾಕಿಕೊಂಡ ನೀತಿಸಂಹಿತೆಯಲ್ಲಿ ಹತ್ತು ಅಂಶಗಳಿವೆ. ನೆರವಿನ ಆದ್ಯತೆಯನ್ನು ಅಗತ್ಯ ಒಂದೇ ನಿರ್ಧರಿಸಬೇಕು ಎನ್ನುವುದು ಅದರಲ್ಲೊಂದು. ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ಕಾಣಬೇಕು ಎನ್ನುವುದು ಇನ್ನೊಂದು. ನಿಮಗೆ ಬಂದ ಕರಪತ್ರ ಈ ಎರಡನ್ನೂ ಮುರಿಯುತ್ತದೆ.

ಈಗ ಆ ಹುಡುಗಿ, ಆ ಹುಡುಗ, ಆ ತಾಯಿ, ಈ ಮೂವರ ವಿಷಯ.

‘ನಾನು ಬರೆಯಲ್ಲ ಮಿಸ್’ ಎಂದು ಎದ್ದು ಹೋದ ಹುಡುಗಿ ತನ್ನನ್ನು ತಾನು ಕಾಪಾಡಿಕೊಂಡಿದ್ದಾಳೆ. ಅದನ್ನು ಹಟ ಎಂದುಕೊಳ್ಳಬೇಡಿ. ಅವಳನ್ನು ಒಮ್ಮೆ ಒಬ್ಬಳನ್ನೇ ಕರೆದು, ಸ್ಪರ್ಧೆಯ ಮಾತು ಮುಗಿಯಿತು, ನೀನು ಬರೆಯಬೇಕಾಗಿಲ್ಲ, ನನಗೆ ನಿನ್ನ ಮೇಲೆ ಬೇಸರವಿಲ್ಲ ಎಂದು ಬಾಯಿಬಿಟ್ಟು ಹೇಳಿ. ಇಂಥದ್ದನ್ನು ಮಕ್ಕಳು ತಾವಾಗಿ ಊಹಿಸಿಕೊಳ್ಳುವುದಿಲ್ಲ; ಮಿಸ್‌ಗೆ ನನ್ನ ಮೇಲೆ ಸಿಟ್ಟು ಎಂದೇ ಒಳಗೊಳಗೆ ಕೊರಗುತ್ತಾರೆ. ಅಪ್ಪನ ಮಾತು ಅವಳಾಗಿ ತೆಗೆದರೆ ಕೂತು ಕೇಳಿ, ತೆಗೆಯದಿದ್ದರೆ ಬೇಡ. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಓದಿನಲ್ಲಿ ಥಟ್ಟನೆ ಹಿಂದೆ ಬಿದ್ದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಹತ್ತಿರದ ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದೂ ಅವರಲ್ಲಿ ಕೇಳಬಹುದು.

ಚೆನ್ನಾಗಿ ಬರೆಯುವ ಹುಡುಗನ ಪ್ರಶ್ನೆಗೆ ಉತ್ತರ ಕೊಡದೆ ಬಿಡಬೇಡಿ. ಅವನು ಸುಳ್ಳ ಅಲ್ಲ. ನಿಯಮ ಓದಿ ಗೆಲ್ಲುವ ದಾರಿ ಯಾವುದೆಂದು ನೇರವಾಗಿ ಕೇಳಿದ್ದಾನೆ. ಮನೆ ಉಳಿದದ್ದೇ ತನ್ನ ಕೊರತೆ ಎಂದು ಒಂದು ಮಗುವಿಗೆ ಅನ್ನಿಸುವ ಹಾಗೆ ಮಾಡಿದ ಸ್ಪರ್ಧೆಯದು ತಪ್ಪು, ಹಾಗೆಂದೇ ಅವನಿಗೆ ಹೇಳಿ. ಸುಳ್ಳು ಬರೆದರೆ ಪಕ್ಕದಲ್ಲಿ ಕೂತ ಗೆಳೆಯನ ನಿಜವನ್ನು ಕಸಿದುಕೊಂಡಂತಾಗುತ್ತದೆ ಎಂದೂ ಹೇಳಿ, ಅರ್ಥ ಮಾಡಿಕೊಳ್ಳುವ ವಯಸ್ಸು ಅವನದು. ಆಮೇಲೆ ಪ್ರತಿಭಾ ಕಾರಂಜಿಗೆ ಅವನನ್ನು ತಯಾರು ಮಾಡಿ. ಮನೆ ಉಳಿದ ಮಕ್ಕಳೂ ಆ ರಾತ್ರಿ ಸದ್ದು ಕೇಳಿದ್ದಾರೆ ಎನ್ನುವುದು ನೆನಪಿರಲಿ. ನೆರೆಮನೆ ಹೋಗಿ ತನ್ನ ಮನೆ ಉಳಿದವನಿಗೂ ಒಂದು ಬಗೆಯ ತಪ್ಪಿತಸ್ಥ ಭಾವ ಕಾಡುತ್ತದೆ.

ಆ ತಾಯಿ ಕೈಮುಗಿದದ್ದು ನನ್ನನ್ನು ಬಹಳ ಕಲಕಿತು. ಮಗಳ ದುಃಖ ಅವರಿಗೆ ತಿಳಿಯದೆ ಇದೆಯೇ? ಫೀಸು, ಪುಸ್ತಕ, ಮುಂದಿನ ದಾರಿ, ಎಲ್ಲದರ ಹೊರೆ ಒಂಟಿ ಹೆಗಲಿಗೆ ಬಂದಿದೆ. ಕಂಡ ಹಗ್ಗವನ್ನು ಹಿಡಿಯುತ್ತಿದ್ದಾರೆ. ಅವರಿಗೆ ಉಪದೇಶ ಬೇಡ, ಬೇರೆ ದಾರಿ ಬೇಕು, ಮತ್ತು ಆ ದಾರಿ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವು ಬರುತ್ತದೆ: ಮಗುವಿಗೆ ತಿಂಗಳಿಗೆ 4,000 ರೂಪಾಯಿ, 18 ವರ್ಷ ತುಂಬುವವರೆಗೆ. ತಂದೆ ತೀರಿಕೊಂಡು ತಾಯಿಯ ಆಸರೆಯಲ್ಲಿರುವ ಮಗುವೂ, ಪ್ರಕೃತಿ ವಿಕೋಪಕ್ಕೆ ಸಿಕ್ಕಿದ ಮಗುವೂ ಅದರ ವ್ಯಾಪ್ತಿಗೆ ಬರುತ್ತಾರೆ. ಹಳ್ಳಿಯ ಕುಟುಂಬವಾದರೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕೇಂದ್ರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ವರ್ಷಕ್ಕೆ 48,000 ರೂಪಾಯಿ ಆಗುತ್ತದೆ, ಯಾರನ್ನೂ ಅಳಿಸದೆ, ಯಾರನ್ನೂ ಸೋಲಿಸದೆ. ಇಡೀ ಶಾಲೆಯಲ್ಲಿ ಅರ್ಹರಾದವರು ನಾಲ್ಕೈದು ಮಕ್ಕಳಾದರೂ ಇರಬಹುದು. ಅದರ ಜೊತೆಗೆ ಆ ತಾಯಿಗೆ ಗಂಡನ ಸಾವಿಗೆ ಸರ್ಕಾರ ಕೊಡುವ ಪರಿಹಾರ ಪೂರ್ತಿ ಕೈಸೇರಿದೆಯೇ, ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಾರೆಯೇ ಎಂದು ವಿಚಾರಿಸಿ. ಕಾಗದಪತ್ರ ಮಣ್ಣುಪಾಲಾದ ಮನೆಗಳಲ್ಲಿ ಎಷ್ಟೋ ಬಾರಿ ಅರ್ಜಿಯೇ ಹೋಗಿರುವುದಿಲ್ಲ.

ಸಂಸ್ಥೆಯವರ ಹತ್ತಿರ ಹೆಡ್‌ಮಾಸ್ಟರನ್ನು ಜೊತೆಗಿಟ್ಟುಕೊಂಡೇ ಮಾತಾಡಿ. ಅವರ ಬೆನ್ನ ಹಿಂದೆ ಬೇಡ. ಮೊದಲು ಥ್ಯಾಂಕ್ಸ್ ಹೇಳಿ, ಮನಸ್ಸಿನಿಂದಲೇ ಹೇಳಿ. ಆಮೇಲೆ ಕೇಳಬೇಕಾದದ್ದು ಇಷ್ಟು: ಮೂವರಿಗೆ ಡಿಗ್ರಿವರೆಗೆ ಎಂದು ತೆಗೆದಿಟ್ಟ ಮೊತ್ತವನ್ನು ಮನೆ ಕಳೆದುಕೊಂಡ ಮಕ್ಕಳೆಲ್ಲರಿಗೂ ಹತ್ತನೇ ಕ್ಲಾಸೋ ಪಿಯುಸಿಯೋ ಮುಗಿಯುವವರೆಗೆ ಹಂಚಲು ಬರುತ್ತದೆಯೇ? ಯಾರಿಗೆ ಎಷ್ಟು ಬೇಕು ಎನ್ನುವ ಪಟ್ಟಿಯನ್ನು ಶಾಲೆ, ಪಂಚಾಯಿತಿ, ಗ್ರಾಮ ಆಡಳಿತಾಧಿಕಾರಿಯ ಹಾನಿ ವರದಿ ಇಟ್ಟುಕೊಂಡು ಮಾಡಿಕೊಡುತ್ತೇವೆ ಎನ್ನಿ. ದಾನಿಗಳಿಗೆ ವರದಿ ಬೇಕಿದ್ದರೆ ಹೆಸರಿಲ್ಲದ ವರದಿಯನ್ನು ನೀವೇ ಬರೆದುಕೊಡಿ, ನೀವು ಕನ್ನಡ ಟೀಚರ್, ಚೆನ್ನಾಗಿ ಬರೆಯುತ್ತೀರಿ. ಸ್ಪರ್ಧೆ ಇರಲೇಬೇಕು ಎಂದರೆ ಎಲ್ಲ ಮಕ್ಕಳಿಗೂ ತೆರೆದ, ನೆರೆ, ಗುಡ್ಡ ಕುಸಿತದ ಸುದ್ದಿಯಿಲ್ಲದ ವಿಷಯ ಇಡಲಿ: ನಮ್ಮೂರ ಜಾತ್ರೆ, ಅಜ್ಜಿ ಮಾಡುವ ಅಡುಗೆ, ಇಷ್ಟದ ಆಟ. ಬಹುಮಾನ ಒಂದು ಪುಸ್ತಕವೋ ಬಣ್ಣದ ಡಬ್ಬಿಯೋ ಆಗಿರಲಿ. ಅಂಥ ಸ್ಪರ್ಧೆ ಬಂದರೆ ಸಂತೋಷದಿಂದ ಮಾಡಿಸಿ. ಮಳೆಯ ಭಯದಲ್ಲಿರುವ ಮಕ್ಕಳಿಗೆ ಒಂದು ದಿನದ ಗದ್ದಲ, ನಗು, ಚಪ್ಪಾಳೆ ಬಹಳ ಒಳ್ಳೆಯದು.

ಆ ರಾತ್ರಿಯ ಬಗ್ಗೆಯೇ ಬರೆಯಬೇಕು ಎನ್ನುವ ಮಕ್ಕಳೂ ಇರುತ್ತಾರೆ. ಅವರನ್ನು ತಡೆಯಬೇಡಿ. ತನ್ನ ಮಾತು ಹೇಳುವುದು ಮಗುವಿನ ಹಕ್ಕು. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೂ ಅದಿದೆ. ಅವರಿಗೊಂದು ನೋಟ್‌ಬುಕ್ ಕೊಡಿ. ಯಾರಿಗೂ ತೋರಿಸಬೇಕಿಲ್ಲ, ತೋರಿಸಬೇಕೆನಿಸಿದರೆ ನನಗೆ ತೋರಿಸು ಎನ್ನಿ. ಕೆಂಪು ಪೆನ್ನು ಮಾತ್ರ ಅದರ ಮೇಲೆ ಆಡಿಸಬೇಡಿ.

ಇಷ್ಟೆಲ್ಲ ಆಗಿಯೂ ಸಂಸ್ಥೆಯವರು ತಮ್ಮ ನಿಯಮವೇ ಸರಿ ಎಂದರೆ? ಆಗ ಕೈಬಿಡಿ. ನಷ್ಟವೇ ಇಲ್ಲ ಎಂದು ನಾನು ನಂಬಿಸಲಾರೆ. ಸ್ಮಾರ್ಟ್ ಕ್ಲಾಸ್ ಹೋಗುತ್ತದೆ, ಯಾವುದೋ ಒಂದು ಮಗುವಿಗೆ ಸಿಗಬಹುದಾಗಿದ್ದ ಡಿಗ್ರಿಯ ಖರ್ಚು ಹೋಗುತ್ತದೆ, ಊರಲ್ಲಿ ಕೆಲವರು ನಿಮ್ಮನ್ನು ಆಡಿಕೊಳ್ಳುತ್ತಾರೆ. ಹಾಗಿದ್ದರೂ ಶಾಲೆ ಇದಕ್ಕೆ ಬಾಗಿಲಾಗಬಾರದು. ಯಾವುದಾದರೂ ಮನೆಯವರು ತಾವಾಗಿ, ಮಗುವೂ ಒಪ್ಪಿ, ನೇರವಾಗಿ ಹೆಸರು ಕೊಟ್ಟರೆ ಅವರನ್ನು ತಡೆಯುವ ಅಧಿಕಾರ ನಿಮಗಿಲ್ಲ. ವಿಡಿಯೊದ ಅಪಾಯವನ್ನು ಬಿಡಿಸಿ ಹೇಳುವ ಹೊಣೆ ಇದೆ. ಮಗುವಿನ ಹೆಸರು, ಮುಖ ಬಂದ ವಿಡಿಯೊ ಎಲ್ಲಾದರೂ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ, ಇಲ್ಲವೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಹೆಡ್‌ಮಾಸ್ಟರ ಸ್ಮಾರ್ಟ್ ಕ್ಲಾಸ್ ಆಸೆ ನ್ಯಾಯವಾದದ್ದೇ. ಅದಕ್ಕೆ ಬಿಇಒ ಕಚೇರಿ ಇದೆ, ಶಾಸಕರ ನಿಧಿ ಇದೆ, ಹಳೆಯ ವಿದ್ಯಾರ್ಥಿಗಳಿದ್ದಾರೆ. ಮಕ್ಕಳ ಪ್ರಬಂಧಗಳ ಎಣಿಕೆಯಿಂದ ಅದು ಬರಬೇಕಾಗಿಲ್ಲ.

ಈ ಅಂಕಣ ಓದುವ ದಾನಿಗಳಲ್ಲೂ ಒಂದು ಕೋರಿಕೆ. ಮಳೆಹಾನಿಯಾದ ಊರಿನ ಮಕ್ಕಳಿಗೆ ಏನಾದರೂ ಕೊಡಬೇಕೆಂದಿದ್ದರೆ, ಆ ಊರಿನ ಶಾಲೆಗೆ ಹೋಗಿ ಏನು ಬೇಕು ಎಂದು ಕೇಳಿ, ಅದನ್ನು ಎಲ್ಲರಿಗೂ ಕೊಡಿ. ಎಲ್ಲರಿಗೂ ಕೊಡುವಷ್ಟು ಇಲ್ಲದಿದ್ದರೆ ಅತಿ ಹೆಚ್ಚು ಅಗತ್ಯವಿರುವವರಿಗೆ, ಸದ್ದಿಲ್ಲದೆ ಕೊಡಿ.

ಟೀಚರ್, ನಾಳೆ ಶಾಲೆ ಬಿಟ್ಟ ಮೇಲೆ ಆ ತಾಯಿಯನ್ನು ಕರೆಸಿ. ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಗಳ ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಜೋಡಿಸಿಕೊಳ್ಳಿ. ಇನ್ನೇನು ಬೇಕು ಎಂದು ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ ಕೇಳಿ. ಸ್ಪರ್ಧೆಯ ಕೊನೆಯ ದಿನ ಬರುವುದರೊಳಗೆ ಆ ಹುಡುಗಿಯ ಅರ್ಜಿ ಅಲ್ಲಿ ತಲುಪಿರಲಿ.